ಮರದ ಘಮ, ಅದನ್ನು ಹಚ್ಚಿಕೊಳ್ಳುವವರ ಸ್ವಭಾವ: ಒಂದು ಪರ್ಫ್ಯೂಮ್ ಬೆರೆಸಿದ ನನ್ನ ಅನುಭವ

ಮರದ ಘಮದ ಪರ್ಫ್ಯೂಮ್ ಅಂದರೆ ಗಡ್ಡ ಬಿಟ್ಟ, ಮಾತು ಕಡಿಮೆ ಇರುವ ಗಂಡಸಿಗೆ ಅಂತ ಜಾಹೀರಾತುಗಳು ನಮ್ಮ ತಲೆಯಲ್ಲಿ ತುಂಬಿಬಿಟ್ಟಿವೆ. ನಾನಿದನ್ನು ಒಪ್ಪುವುದಿಲ್ಲ. ಮೈಸೂರಿನಲ್ಲಿ ಮನೆಯ ಒಂದು ಕೋಣೆಯಲ್ಲೇ ಪರ್ಫ್ಯೂಮ್ ಬೆರೆಸಿ ಕೊಡುತ್ತೇನೆ. ನನ್ನ ಹತ್ತಿರ ಬಂದು ಗಂಧ, ಲಾವಂಚ, ಸೀಡರ್ (ದೇವದಾರು) ಕೇಳುವವರಲ್ಲಿ ಹೆಂಗಸರೇ ಜಾಸ್ತಿ. ಗಂಧದ ಸೋಪನ್ನು ಮನೆಮಂದಿಯೆಲ್ಲ ಹಚ್ಚಿಕೊಂಡು ಬೆಳೆದ ಊರು ಇದು. ಗಂಧ ಗಂಡಸರದ್ದೋ ಹೆಂಗಸರದ್ದೋ ಅಂತ ಇಲ್ಲಿ ಯಾರೂ ಕೇಳಿದ್ದಿಲ್ಲ.

ಹಾಗಾದರೆ ಯಾರಿಗೆ ಯಾವುದು ಒಪ್ಪುತ್ತದೆ ಅಂತ ಹೇಗೆ ತಿಳಿಯುವುದು? ಒಬ್ಬ ಫಿಸಿಯೋಥೆರಪಿಸ್ಟ್‌ಗೆ ಮಾಡಿಕೊಟ್ಟ ಪರ್ಫ್ಯೂಮ್ ಬಗ್ಗೆ ಹೇಳಿದರೆ ನನ್ನ ರೀತಿ ಅರ್ಥವಾದೀತು.

'ನಿಮಗೆ ಯಾವ ಪರಿಮಳ ಇಷ್ಟ?' ಅಂತ ನಾನು ಮೊದಲಿಗೇ ಕೇಳುವುದಿಲ್ಲ. ಕೇಳಿದರೆ ಎಲ್ಲರೂ ಯಾವುದೋ ಬಾಟಲಿಯ ಹೆಸರು ಹೇಳುತ್ತಾರೆ. ದಿನಾ ಎಷ್ಟು ಜನರ ಜೊತೆ ಇರುತ್ತೀರಿ, ಎಷ್ಟು ಹತ್ತಿರ ನಿಂತು ಮಾತಾಡುತ್ತೀರಿ, ಬೆವರು ಜಾಸ್ತಿನಾ, ಕೆಲಸ ಏಸಿ ಕೋಣೆಯಲ್ಲೋ ಬಿಸಿಲಲ್ಲೋ, ಇವನ್ನು ಕೇಳುತ್ತೇನೆ. ಅವರು ಮಾತಾಡುವ ರೀತಿಯನ್ನು ಸುಮ್ನೆ ಗಮನಿಸುತ್ತೇನೆ.

ಈಕೆ ನೇರ ಕೂತು, ಕೇಳಿದ್ದಕ್ಕೆ ಎರಡು ವಾಕ್ಯದಲ್ಲಿ ಉತ್ತರ ಕೊಟ್ಟು ನಿಲ್ಲಿಸಿಬಿಡುತ್ತಿದ್ದರು. ಮೊದಮೊದಲು ಬಿಗುಮಾನದವರು ಅನಿಸುವಷ್ಟು ಚುಟುಕು. ಕಾಫಿ ಕುಡಿದು ಮುಗಿಸುವ ಹೊತ್ತಿಗೆ ನಗು ಶುರುವಾಯಿತು. ಆಮೇಲೆ ಅಜ್ಜಿ ಮನೆ, ಬೇಸಿಗೆಯಲ್ಲಿ ಕುಡಿಯುವ ನೀರಿನ ಮಡಕೆಗೆ ಹಾಕುತ್ತಿದ್ದ ಲಾವಂಚದ ಬೇರು, ಎಲ್ಲ ಹೊರಗೆ ಬಂತು. ಹೊರಡುವಾಗ ಹೇಳಿದ ಮಾತನ್ನು ನನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ: 'ಪೇಶೆಂಟ್‌ಗೆ ನನ್ನ ಕೈ ನೆನಪಿರಬೇಕು ಅಕ್ಕಾ, ಸೆಂಟ್ ಅಲ್ಲ.'

ಈ ಸ್ವಭಾವವೇ ನನಗೆ ಪರ್ಫ್ಯೂಮಿನ ನಕ್ಷೆ ಆಯಿತು. ಶುರುವಿನಲ್ಲಿ ಚುಟುಕಾಗಿ, ಚೊಕ್ಕವಾಗಿ ಇರಬೇಕು. ಬೆಚ್ಚಗಿನದ್ದು ತಡವಾಗಿ ಬರಬೇಕು. ತೋಳಿನ ಅಳತೆಗಿಂತ ಆಚೆ ಹೋಗಬಾರದು. ಮರದ ಘಮಕ್ಕೆ ಸೊಪ್ಪಿನ ಘಮ ಕೂಡಿದ ಪರ್ಫ್ಯೂಮ್ ಇದಕ್ಕೆ ಹೇಳಿ ಮಾಡಿಸಿದ್ದು. ಲ್ಯಾವೆಂಡರ್, ಸೇಜ್‌ನಂಥ ಸೊಪ್ಪುಗಳು ಬೇಗ ಹಾರಿಹೋಗುತ್ತವೆ. ಮರಗಳ ಎಣ್ಣೆ ಭಾರ, ನಿಧಾನಕ್ಕೆ ಏಳುತ್ತದೆ, ಸಂಜೆವರೆಗೂ ಇರುತ್ತದೆ.

ಕೊನೆಗೆ ನಿಂತ ಲೆಕ್ಕ, ತೂಕದಲ್ಲಿ 100 ಭಾಗಕ್ಕೆ ಹೀಗಿದೆ. ವರ್ಜೀನಿಯಾ ಸೀಡರ್ 28, ಗಂಧದೆಣ್ಣೆ 20, ಲ್ಯಾವೆಂಡರ್ 16, ಬರ್ಗಮಟ್ (ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ) 14, ಲಾವಂಚ 12, ಕ್ಲೇರಿ ಸೇಜ್ 6, ಕರಿಮೆಣಸಿನ ಎಣ್ಣೆ 3, ದವನದ ಎಣ್ಣೆ 1. ಹನಿ ಎಣಿಸಿ ಬೆರೆಸಬೇಡಿ. ಲಾವಂಚದ ಹನಿ ದಪ್ಪ, ಬರ್ಗಮಟ್ ಹನಿ ತೆಳು, ಲೆಕ್ಕ ಕೂಡುವುದಿಲ್ಲ. 0.01 ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಸಾಕು. ಒಂದೊಂದು ಎಣ್ಣೆಯನ್ನೂ ಆಲ್ಕೊಹಾಲ್‌ನಲ್ಲಿ 10 ಪರ್ಸೆಂಟಿಗೆ ತೆಳುಮಾಡಿ, ಸಣ್ಣ ಪ್ರಮಾಣದಲ್ಲಿ ಪ್ರಯೋಗ ಮಾಡಿ ನೋಡುತ್ತೇನೆ. ದುಬಾರಿ ಎಣ್ಣೆ ಹಾಳಾಗುವುದಿಲ್ಲ, ಮೂಗಿಗೂ ಬಿಡಿಬಿಡಿಯಾಗಿ ತಿಳಿಯುತ್ತದೆ.

ಸೀಡರ್ ಅಂತ ಕರೆದರೂ ವರ್ಜೀನಿಯಾದ್ದು ನಿಜವಾದ ದೇವದಾರು ಅಲ್ಲ, ಜೂನಿಪರ್ ಅನ್ನುವ ಬೇರೆ ಜಾತಿಯ ಮರ. ಒಂದು ಕಾಲಕ್ಕೆ ಪೆನ್ಸಿಲ್ ಮಾಡುತ್ತಿದ್ದ ಮರ ಅದೇ. ಅದಕ್ಕೇ ಮೂಸಿದ ಕೂಡಲೇ ಪೆನ್ಸಿಲ್ ಕೆತ್ತಿದ ಒಣ ವಾಸನೆ. ಆ ಒಣತನವೇ ಈಕೆಯ ಮೊದಲ ಎರಡು ವಾಕ್ಯ. ಕರಿಮೆಣಸು ಹಾಕಿದ್ದು ಕೇಳಿ 'ಉರಿಯಲ್ವಾ ಅಕ್ಕಾ?' ಅಂದರು. ಖಾರಕ್ಕೆ ಕಾರಣವಾದ ಪಿಪೆರಿನ್ ಬಟ್ಟಿ ಇಳಿಸುವಾಗ ಆವಿಯ ಜೊತೆ ಬರುವುದಿಲ್ಲ, ಘಮ ಮಾತ್ರ ಬರುತ್ತದೆ. ಬರ್ಗಮಟ್ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಹಿಂಡಿ ತೆಗೆದ ಸಾದಾ ಎಣ್ಣೆಯಲ್ಲಿ ಬರ್ಗಾಪ್ಟೆನ್ ಅನ್ನುವ ರಾಸಾಯನಿಕ ಇರುತ್ತದೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆ ಬೀಳಬಹುದು. ಅದನ್ನು ತೆಗೆದ ಎಣ್ಣೆ ಬೇರೆಯಾಗಿಯೇ ಸಿಗುತ್ತದೆ, ನಾನು ಬಳಸುವುದು ಅದನ್ನೇ.

ಲಾವಂಚ ನಾನು ಮನಸ್ಸು ಕೊಟ್ಟು ಹಾಕಿದ್ದು. ಉತ್ತರ ಪ್ರದೇಶದ ಅತ್ತರಿನ ಊರು ಕನೌಜ್‌ನಲ್ಲಿ ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸಿದ ಲಾವಂಚದ ಎಣ್ಣೆ ಹಸಿರು ಬಣ್ಣಕ್ಕೆ ತಿರುಗಿರುತ್ತದೆ, ತಾಮ್ರದ ಪ್ರಭಾವ ಅದು. ಬಾಟಲಿ ತೆರೆದರೆ ಆಗಷ್ಟೇ ಕಿತ್ತ ಬೇರು, ಒದ್ದೆ ಮಣ್ಣು. ಬಹಳ ಮಂದ ಎಣ್ಣೆ. ಬಾಟಲಿಯನ್ನು ಬಿಸಿನೀರಿನ ಬಟ್ಟಲಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಲೀಸಾಗಿ ಸುರಿಯುತ್ತದೆ. 12 ಭಾಗಕ್ಕಿಂತ ಏರಿಸಿದರೆ ಲ್ಯಾವೆಂಡರನ್ನು ನುಂಗಿಹಾಕುತ್ತದೆ.

ಗಂಧದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಮೊದಲ ಮಹಾಯುದ್ಧದಲ್ಲಿ ಇಲ್ಲಿನ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, ನಾಲ್ವಡಿಯವರು ರಾಜರು, ವಿಶ್ವೇಶ್ವರಯ್ಯ ದಿವಾನರು. ಎಣ್ಣೆಯನ್ನು ಇಲ್ಲೇ ತೆಗೆಯೋಣ ಅಂತ ಆಗ ಆದ ತೀರ್ಮಾನದ ಫಲವನ್ನು ನಾನು ಇವತ್ತೂ ಉಣ್ಣುತ್ತಿದ್ದೇನೆ. ಒಳ್ಳೆಯ ಗಂಧದೆಣ್ಣೆಯಲ್ಲಿ ಘಮ ಕೊಡುವ ಸ್ಯಾಂಟಲಾಲ್ ಅಂಶವೇ ಮುಕ್ಕಾಲು ಪಾಲಿನಷ್ಟು ಇರುತ್ತದೆ. ಅದು ಗದ್ದಲ ಮಾಡುವುದಿಲ್ಲ, ಹಾಲಿನ ಕೆನೆಯ ಹಾಗೆ ಉಳಿದೆಲ್ಲದರ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ. ಒಂದು ತೊಂದರೆ ಇದೆ. ಹಚ್ಚಿಕೊಂಡವರ ಮೂಗು ಅದಕ್ಕೆ ಬೇಗ ಒಗ್ಗಿಹೋಗುತ್ತದೆ. ಘಮ ಹೋಯಿತು ಅಂದುಕೊಂಡು ಮತ್ತೆ ಮತ್ತೆ ಹೊಡೆದುಕೊಳ್ಳುವವರನ್ನು ಬಹಳ ನೋಡಿದ್ದೇನೆ. ಪಕ್ಕದಲ್ಲಿ ಕೂತವರಿಗೆ ಅದು ಚೆನ್ನಾಗಿಯೇ ಗೊತ್ತಾಗುತ್ತಿರುತ್ತದೆ.

ಇನ್ನು ದವನ. ಹೂವಿನ ಮಾರ್ಕೆಟ್ಟಿನಲ್ಲಿ ಮಾಲೆಯ ನಡುವೆ ಸೇರಿಸುವ ಬೂದು ಹಸಿರಿನ ಸೊಪ್ಪು ನಿಮಗೆ ಗೊತ್ತೇ ಇದೆ. ಸವದತ್ತಿ ಎಲ್ಲಮ್ಮನ ದವನದ ಹುಣ್ಣಿಮೆಯಲ್ಲಿ ಇರುವುದೂ ಅದೇ ದವನ. ಈ ಎಣ್ಣೆ ಒಬ್ಬೊಬ್ಬರ ಚರ್ಮದ ಮೇಲೆ ಒಂದೊಂದು ಥರ ಘಮಿಸುತ್ತದೆ ಅಂತ ಪರ್ಫ್ಯೂಮ್ ಮಾಡುವವರಲ್ಲಿ ಹಳೆಯ ಮಾತಿದೆ. ಈ ಸಲ ಅದು ಕಣ್ಣೆದುರೇ ಆಯಿತು. ಆಕೆಯ ಜೊತೆ ತಮ್ಮನೂ ಬಂದಿದ್ದ. ಮಾತಿನ ಮಲ್ಲ, ಕೂತಲ್ಲಿ ಕೂರುವ ಹುಡುಗನಲ್ಲ. ಒಂದೇ ಬಾಟಲಿಯಿಂದ ಇಬ್ಬರ ಮೊಣಕೈ ಒಳಬದಿಗೆ ಹಚ್ಚಿದೆ. ಅರ್ಧ ಗಂಟೆ ಬಿಟ್ಟು ಮೂಸಿದರೆ ಅಕ್ಕನ ಕೈಯಲ್ಲಿ ಒಣ ದ್ರಾಕ್ಷಿಯ ಸಣ್ಣ ಸುಳಿವು, ಅದರಡಿಯಲ್ಲಿ ಗಂಧ. ತಮ್ಮನ ಕೈಯಲ್ಲಿ ಅದೇ ಹಣ್ಣು ಕಳಿತು ಜಾಮ್ ಆಗಿ ಸೀಡರನ್ನೇ ಮುಚ್ಚಿಬಿಟ್ಟಿತ್ತು. ಸ್ವಭಾವ ನೋಡಿ ನಕ್ಷೆ ಹಾಕಬಹುದು. ಆದರೆ ಚರ್ಮದ ಮೇಲೆ ಹಚ್ಚಿ ನೋಡದೆ ಯಾವ ಬಾಟಲಿಯನ್ನೂ ನಾನು ಕೊಡುವುದಿಲ್ಲ. ಘಮ ಮೂಸಿ ನೋಡಲು ಕೊಡುವ ಕಾಗದದ ಪಟ್ಟಿಗೆ ಬೆವರು ಬರುವುದಿಲ್ಲ, ಮೈಬಿಸಿಯೂ ಇಲ್ಲ.

ಬೆರೆಸಿದ ಎಣ್ಣೆ 15 ಭಾಗ, ಪರ್ಫ್ಯೂಮ್‌ಗೆಂದೇ ಸಿಗುವ ಆಲ್ಕೊಹಾಲ್ 85 ಭಾಗ. ಕತ್ತಲಲ್ಲಿ ಒಂದು ತಿಂಗಳು ಬಿಟ್ಟರೆ ಲಾವಂಚದ ಒರಟುತನ ಕರಗುತ್ತದೆ. ಅವಸರ ಮಾಡುವವರಿಗೆ ನಾನು ಈ ಬಗೆಯ ಪರ್ಫ್ಯೂಮ್ ಮಾಡಿಕೊಡುವುದೇ ಇಲ್ಲ. ಆಮೇಲೆ ಫ್ರಿಡ್ಜಿನಲ್ಲಿ ಒಂದು ರಾತ್ರಿ ಇಟ್ಟು, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸುತ್ತೇನೆ.

ಎಲ್ಲಿ ಹಚ್ಚಿಕೊಳ್ಳಬೇಕು ಅನ್ನುವುದನ್ನೂ ಅವರ ಕೆಲಸವೇ ತೀರ್ಮಾನಿಸಿತು. ಮಣಿಕಟ್ಟು ಬೇಡ ಅಂದೆ. ಪ್ರತಿ ಪೇಶೆಂಟ್ ಆದ ಮೇಲೆ ಸ್ಯಾನಿಟೈಸರ್, ನಡುನಡುವೆ ಮಸಾಜ್ ಎಣ್ಣೆ, ಅಲ್ಲಿ ಯಾವ ಘಮವೂ ಉಳಿಯುವುದಿಲ್ಲ. ಸ್ನಾನ ಆದ ತಕ್ಷಣ ಎದೆಯ ಮೇಲೆ ಒಂದೇ ಸ್ಪ್ರೇ, ಅದರ ಮೇಲೆ ಅಂಗಿ. ಕ್ಲಿನಿಕ್ ಮುಟ್ಟುವಷ್ಟರಲ್ಲಿ ಬರ್ಗಮಟ್ ಹೋಗಿರುತ್ತದೆ. ಪೇಶೆಂಟ್ ಹತ್ತಿರ ಬರುವಾಗ ಇರುವುದು ಸೀಡರ್ ಮತ್ತು ಗಂಧ.

ತಮ್ಮನಿಗೂ ಒಂದು ಬೇಕಂತೆ. ಅವನದ್ದರಲ್ಲಿ ದವನ ಪೂರ್ತಿ ತೆಗೆದಿದ್ದೇನೆ, ಬರ್ಗಮಟ್ ಏರಿಸಿ ಗಂಧ ಇಳಿಸಿದ್ದೇನೆ. ಸದ್ಯಕ್ಕೆ ಅದು ಕಪಾಟಿನಲ್ಲಿ ಹದವಾಗುತ್ತಿದೆ. ದಿನಾ ಫೋನ್ ಮಾಡಿ 'ಆಯ್ತಾ ಅಕ್ಕಾ?' ಅಂತ ಕೇಳುತ್ತಾನೆ.