ಟರ್ಫ್ ಮೈದಾನದ ಮಳೆನೀರು: ಹಿಡಿಯೋದು ಹೇಗೆ, ಬಳಸೋದು ಹೇಗೆ

ಜೋರು ಮಳೆ ನಿಂತ ಸ್ವಲ್ಪ ಹೊತ್ತಿಗೇ ಟರ್ಫ್ ಮೈದಾನದಲ್ಲಿ, ಅಂದರೆ ಪ್ಲಾಸ್ಟಿಕ್ ಹುಲ್ಲಿನ ಹಾಸು ಹಾಕಿದ ಮೈದಾನದಲ್ಲಿ, ಆಟ ಶುರುವಾಗುತ್ತದೆ. ಅಷ್ಟು ನೀರು ಎಲ್ಲಿ ಹೋಯಿತು? ಹಾಸಿನ ತಳದ ಸಣ್ಣ ತೂತುಗಳಿಂದ ಇಳಿದು, ಕೆಳಗಿನ ಜಲ್ಲಿ ದಾಟಿ, ತೂತಿನ ಪೈಪ್ ಸೇರಿ, ಸೀದಾ ಚರಂಡಿಗೆ. ಆಮೇಲೆ ಬಿಸಿಲು ಬಂದಾಗ ಅದೇ ಮೈದಾನ ತಂಪು ಮಾಡಲು ಕುಡಿಯುವ ನೀರು ಸುರಿಯುತ್ತೇವೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ನೀರನ್ನು ಒಂದು ಕಡೆ ಸೇರಿಸುವ ಅರ್ಧ ಕೆಲಸ ಮೈದಾನ ಕಟ್ಟುವಾಗಲೇ ಮುಗಿದಿರುತ್ತದೆ.

ಮೊದಲು ಲೆಕ್ಕ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 105 ಮೀಟರ್ ಉದ್ದ, 68 ಮೀಟರ್ ಅಗಲದ ಫುಟ್‌ಬಾಲ್ ಮೈದಾನ ಅಂದರೆ 7,140 ಚದರ ಮೀಟರ್. 10 ಮಿ.ಮೀ. ಮಳೆಗೆ 71,400 ಲೀಟರ್ ಬೀಳುತ್ತದೆ. ಪೂರ್ತಿ ಕೈಗೆ ಸಿಗುವುದಿಲ್ಲ, ಹಾಸಿನಲ್ಲಿ ತುಂಬಿದ ಮರಳು, ರಬ್ಬರ್ ಪುಡಿ, ಕೆಳಗಿನ ಜಲ್ಲಿ ಎಲ್ಲ ಒದ್ದೆಯಾದ ಮೇಲೇ ಪೈಪಿಗೆ ನೀರು ಬರುವುದು, ಹಾಗಾಗಿ ತುಂತುರು ಮಳೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ನೂರಕ್ಕೆ 80 ಭಾಗ ಸಿಕ್ಕರೆ ಸುಮಾರು 57,000 ಲೀಟರ್.

ಈಗ ಖರ್ಚಿನ ಕಡೆ ನೋಡಿ. ಒಂದು ಸಲ ತಂಪು ಮಾಡಲು ಚದರ ಮೀಟರಿಗೆ 2 ಲೀಟರ್ ಅಂದುಕೊಂಡರೂ 14,000 ಲೀಟರ್ ದಾಟುತ್ತದೆ. ಅಂದರೆ ಆ ಮಳೆ ನಾಲ್ಕು ಸಲಕ್ಕೆ ಸಾಕು. ಟ್ಯಾಂಕ್ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ಈ ಖರ್ಚು ಮತ್ತು ಎರಡು ಮಳೆಗಳ ನಡುವಿನ ಅಂತರ ನೋಡಿ ನಿರ್ಧರಿಸಿ. ಬರೀ ಮಳೆಯ ಪ್ರಮಾಣ ನೋಡಿ ಕಟ್ಟಿದ ದೊಡ್ಡ ಟ್ಯಾಂಕ್ ಸುಮ್ನೆ ಖಾಲಿ ಬಿದ್ದಿರುತ್ತದೆ.

ಎರಡನೆಯದು, ತಳ. ಹೊಸದಾಗಿ ಟರ್ಫ್ ಹಾಸುತ್ತಿದ್ದರೆ ಇದೇ ಸರಿಯಾದ ಸಮಯ. ಜಲ್ಲಿಯ ಕೆಳಗೆ ನೀರು ಇಂಗದ ಗಟ್ಟಿ ಶೀಟ್ ಹಾಸಿ, ವಾಟ ಕೊಟ್ಟು, ತೂತಿನ ಪೈಪುಗಳನ್ನು ಅಂಚಿನ ದೊಡ್ಡ ಪೈಪಿಗೆ ಕೂಡಿಸಿ. ಶೀಟ್ ಇಲ್ಲದಿದ್ದರೆ ನೀರು ಮಣ್ಣಿಗೆ ಇಂಗುತ್ತದೆ. ಅದೂ ಒಳ್ಳೆಯದೇ, ಆದರೆ ಟ್ಯಾಂಕಿಗೆ ಬರುವುದಿಲ್ಲ. ಹಳೆಯ ಮೈದಾನವಾದರೆ ಕಿತ್ತು ಹಾಕುವ ಅಗತ್ಯವಿಲ್ಲ, ಪೈಪು ಚರಂಡಿ ಸೇರುವ ಕೊನೆಯನ್ನು ಹುಡುಕಿ ಅಲ್ಲಿಂದ ತಿರುಗಿಸಿಕೊಳ್ಳಿ.

ಮೂರನೆಯ ಹೆಜ್ಜೆ, ನೀರು ಸೋಸುವುದು. ಇದನ್ನೇ ಜಾಸ್ತಿ ಜನ ಹಗುರವಾಗಿ ತೆಗೆದುಕೊಳ್ಳುವುದು. ಈ ನೀರು ಚಾವಣಿಯ ನೀರಿನ ಹಾಗಲ್ಲ. ಟರ್ಫ್‌ನಲ್ಲಿ ತುಂಬುವ ಕರಿ ಪುಡಿ ಹೆಚ್ಚಾಗಿ ಹಳೇ ಟೈರ್‌ಗಳದ್ದು, ಅದರಿಂದ ಸತು ನೀರಿಗೆ ಬಿಡುತ್ತದೆ. ಟೈರ್ ಬೇಗ ಬಿರುಕು ಬಿಡದಿರಲಿ ಎಂದು ಸೇರಿಸುವ ರಾಸಾಯನಿಕವೊಂದು ಗಾಳಿಯಲ್ಲಿರುವ ಓಝೋನ್ ಜೊತೆ ಬೆರೆತು ಬದಲಾದಾಗ ಕೋಹೋ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತದೆ ಎಂದು ಅಮೆರಿಕದ ವಿಜ್ಞಾನಿಗಳು 2020ರಲ್ಲಿ ತೋರಿಸಿದರು. ಪುಡಿಯಂತೂ ಪ್ಲಾಸ್ಟಿಕ್ ಕಸವೇ. ಯುರೋಪಿಯನ್ ಒಕ್ಕೂಟದಲ್ಲಿ ಇಂಥ ಪುಡಿಯ ಮಾರಾಟ 2031ರ ಅಕ್ಟೋಬರ್‌ನಿಂದ ನಿಲ್ಲಲಿದೆ.

ಹಾಗಾಗಿ ನೀರು ಟ್ಯಾಂಕಿಗೆ ಹೋಗುವ ಮುಂಚೆಯೇ ತಡೆಯಬೇಕು. ಮೈದಾನದ ಸುತ್ತ ಗಿಡ್ಡ ಕಟ್ಟೆ ಕಟ್ಟಿ, ಪುಡಿ ಆಚೆ ಹರಿಯುವುದಿಲ್ಲ. ಪ್ರತಿ ಚೇಂಬರಿಗೂ (ಪೈಪುಗಳು ಕೂಡುವ ಮುಚ್ಚಳದ ಗುಂಡಿ) ಎತ್ತಿ ತೆಗೆಯಬಹುದಾದ ಸಣ್ಣ ಕಣ್ಣಿನ ಜಾಲರಿ ಬುಟ್ಟಿ ಇಡಿ. ನಂತರ ಹೂಳು ತಂಗುವ ಒಂದು ತೊಟ್ಟಿ, ಅದಾದ ಮೇಲೆ ಮರಳಿನ ಫಿಲ್ಟರ್. ತುಂಬಾ ದಿನ ಬಿಸಿಲಿದ್ದು ಮಳೆ ಬಂದಾಗ ಮೊದಲ ನೀರು ಬಹಳ ಕೊಳೆ. ಅದನ್ನು ಬೇರೆ ಕಡೆ ತಿರುಗಿಸುವ ವಾಲ್ವ್ ಇರಲಿ. ತಿರುಗಿಸಿದ ನೀರನ್ನೂ ಹಾಗೇ ಹಳ್ಳಕ್ಕೆ ಬಿಡಬೇಡಿ, ಗಿಡ ಬೆಳೆಸಿದ ಮರಳು ಗುಂಡಿಯಲ್ಲಿ ಸೋಸಿ ಬಿಡಿ.

ಇನ್ನು ಶೇಖರಣೆ. ನೆಲದಡಿ ಕಾಂಕ್ರೀಟ್ ಸಂಪು ಮಾಡಬಹುದು, ಇಲ್ಲವೇ ಜಲ್ಲಿಯನ್ನೇ ಟ್ಯಾಂಕ್ ಮಾಡಿಕೊಳ್ಳಬಹುದು. ಒಂದೇ ಅಳತೆಯ, ತೊಳೆದ ಜಲ್ಲಿಯ ನಡುವೆ ನೂರಕ್ಕೆ 30ರಿಂದ 40 ಭಾಗ ಖಾಲಿ ಜಾಗ ಇರುತ್ತದೆ, ಆದ್ದರಿಂದ 30 ಸೆಂ.ಮೀ. ದಪ್ಪದ ಪದರವೇ ಫುಟ್‌ಬಾಲ್ ಮೈದಾನದಡಿ 6 ಲಕ್ಷ ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ಆದರೆ ಅದರೊಳಗೆ ಹೂಳು ಸೇರಿದರೆ ತೊಳೆಯುವುದು ತುಂಬಾ ಕಷ್ಟ, ನನ್ನ ಆಯ್ಕೆ ಸಂಪು. ಎರಡರಲ್ಲೂ ಕೋಡಿ ಪೈಪ್ ಮರೆಯಬೇಡಿ. ಅಂತರ್ಜಲ ಮೇಲಿರುವ ಕಡೆ ಖಾಲಿ ಪ್ಲಾಸ್ಟಿಕ್ ಟ್ಯಾಂಕ್ ನೆಲದಿಂದ ಮೇಲೆದ್ದುಬಿಡುತ್ತದೆ, ಅದನ್ನು ಕಾಂಕ್ರೀಟಿಗೆ ಬಿಗಿದು ಕಟ್ಟಬೇಕು.

ಬಳಸುವಾಗ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸ್ಪ್ರಿಂಕ್ಲರ್ ಚಿಮ್ಮಿದಾಗ ಸಣ್ಣ ಹನಿಗಳು ಆಡುವ ಮಕ್ಕಳ ಶ್ವಾಸಕ್ಕೆ ಹೋಗುತ್ತವೆ, ಅಲ್ವಾ? ಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದು ನ್ಯುಮೋನಿಯಾ ತರುತ್ತದೆ. ಸೋಸಿದ ಮೇಲೆ ಯುವಿ (ಅತಿನೇರಳೆ ಬೆಳಕಿನ) ದೀಪ ಅಥವಾ ಕ್ಲೋರಿನ್ ಬೇಕೇ ಬೇಕು. ಕಲಕಿದ ನೀರಿನಲ್ಲಿ ಯುವಿ ಕೆಲಸ ಮಾಡುವುದಿಲ್ಲ, ಫಿಲ್ಟರ್ ಮೊದಲು ಬರಬೇಕಾದದ್ದು ಅದಕ್ಕೇ. ಶೌಚಾಲಯದ ಫ್ಲಶ್‌ಗೂ ಈ ನೀರು ಆಗುತ್ತದೆ. ಕುಡಿಯಲು, ತರಕಾರಿ ಬೆಳೆಯಲು ಬೇಡ. ಪೈಪಿಗೆ ಬೇರೆ ಬಣ್ಣ ಕೊಟ್ಟು, ನಲ್ಲಿಗೆ ಫಲಕ ಹಾಕಿ, ಕುಡಿಯುವ ನೀರಿನ ಲೈನಿಗೆ ಎಲ್ಲೂ ಸೇರದ ಹಾಗೆ ನೋಡಿಕೊಳ್ಳಿ.

ಮೇಲಿಂದ ಸುರಿದ ನೀರಿನ ತಂಪು ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಬಿಸಿಲಿಗೆ ಮತ್ತೆ ಕಾಯುತ್ತದೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇದಕ್ಕೆ ಬೇರೆ ದಾರಿ ಹುಡುಕಿದರು. ಹಾಸಿನ ಕೆಳಗೇ ಮಳೆನೀರು ನಿಲ್ಲಿಸಿ, ದೀಪದ ಬತ್ತಿ ಎಣ್ಣೆ ಎಳೆಯುವಂತೆ ನೀರು ತಾನೇ ಮೇಲೇರುವ ವ್ಯವಸ್ಥೆ ಮಾಡಿದರು, ಪಂಪ್ ಬೇಡ. 2020ರ ಜೂನ್‌ನ ಒಂದು ದಿನ ಮಾಮೂಲಿ ಟರ್ಫ್ 62.5 ಡಿಗ್ರಿ ಕಾದಾಗ ಇದು 37 ಡಿಗ್ರಿಯಲ್ಲಿತ್ತು. ಹೊಸ ಮೈದಾನಕ್ಕೆ ಹಣ ಕೂಡಿಸುತ್ತಿರುವವರು ಇದನ್ನು ಮೊದಲು ವಿಚಾರಿಸಿ.

ಕೊನೆಗೆ ನಿರ್ವಹಣೆ. ಪ್ರತಿ ದೊಡ್ಡ ಮಳೆಯ ನಂತರ ಬುಟ್ಟಿಗಳನ್ನು ಎತ್ತಿ ನೋಡಿ. ಒಂದೇ ಚೇಂಬರಿನಲ್ಲಿ ಪುಡಿ ಜಾಸ್ತಿ ಸಿಗುತ್ತಿದ್ದರೆ ಆ ಕಡೆಯ ಕಟ್ಟೆ ಒಡೆದಿದೆ ಅಥವಾ ಹಾಸಿನ ಹೊಲಿಗೆ ಬಿಟ್ಟಿದೆ ಎಂದು ಅನುಮಾನ ಪಡಿ. ಸಿಕ್ಕ ಪುಡಿಯನ್ನು ಒಣಗಿಸಿ, ಮಣ್ಣಿಲ್ಲದಿದ್ದರೆ ವಾಪಸ್ ಮೈದಾನಕ್ಕೆ ಹರಡಿ ಬ್ರಷ್ ಮಾಡಿ. ಮಣ್ಣಿದ್ದರೆ ಚೀಲಕ್ಕೆ ತುಂಬಿ ಕಸಕ್ಕೆ ಕೊಡಿ.