ಅರ್ಜಿ ಬರೆಯುವ ಕಟ್ಟೆ

2019ರಲ್ಲಿ ಪ್ರೌಢಶಾಲೆಯ ನೌಕರಿಯಿಂದ ನಿವೃತ್ತನಾದ ಮೊದಲ ವರ್ಷ, ಒಂದೇ ಪತ್ರಿಕೆಯನ್ನು ದಿನಕ್ಕೆ ಮೂರು ಸಲ ಓದುವುದು ಮತ್ತು ಮನೆಯವರ ಅಡುಗೆಯಲ್ಲಿ ತಪ್ಪು ಹುಡುಕುವುದು, ಇವೆರಡೇ ನನ್ನ ಉದ್ಯೋಗವಾಗಿದ್ದವು. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ರಕ್ತಪರೀಕ್ಷೆಯಲ್ಲಿ 9.2 ಬಂದಾಗ, ನಡೆಯಲೇಬೇಕೆಂದು ವೈದ್ಯರು ತಾಕೀತು ಮಾಡಿದರು. ಬಾಗಲಕೋಟೆ ನವನಗರದ ಅಗಲ ರಸ್ತೆಗಳಲ್ಲಿ ಹದಿನೈದು ದಿನ ಸುತ್ತಿದೆ. ಎಲ್ಲಿಗೂ ಹೋಗಿ ಸೇರದ ಆ ನಡಿಗೆ ಹಿಡಿಸದೆ ಬಿಟ್ಟೆ.

ಆಗಲೇ ಅಪ್ಪನ ಟ್ರಂಕಿನಲ್ಲಿ ಹಳೆಯ ಅರ್ಜಿಗಳ ಪ್ರತಿಗಳು ಸಿಕ್ಕವು. ಆಲಮಟ್ಟಿಯ ಹಿನ್ನೀರಿಗೆ ನಮ್ಮ ಮನೆ ಹೋದಾಗ ನಾನು ಪರಊರಿನಲ್ಲಿದ್ದೆ. ಅಕ್ಷರ ಬಾರದ ಅಪ್ಪನಿಗೆ ಪರಿಹಾರದ ಅರ್ಜಿಗಳನ್ನೆಲ್ಲ ಬರೆದುಕೊಟ್ಟವರು ನಿವೃತ್ತ ತಲಾಠಿ, ಅಂದರೆ ಗ್ರಾಮ ಲೆಕ್ಕಿಗರೊಬ್ಬರು. ಒಂದು ಕಪ್ ಚಹಾ ಬಿಟ್ಟು ಏನನ್ನೂ ಮುಟ್ಟಲಿಲ್ಲವಂತೆ. ನಾನು ಕೈಮುಗಿಯುವ ಮೊದಲೇ ಅವರು ತೀರಿಕೊಂಡಿದ್ದರು. ಆ ದುಂಡಗಿನ ಅಕ್ಷರಗಳನ್ನು ನೋಡುತ್ತ ಕುಳಿತಾಗ, ಈ ಋಣವನ್ನು ಇನ್ನು ಯಾರಿಗಾದರೂ ತೀರಿಸಬೇಕೆನಿಸಿತು.

ಮನೆಯಿಂದ ಎರಡು ಕಿಲೋಮೀಟರ್ ದೂರದ ಗುಡಿಯ ಕಟ್ಟೆಯಲ್ಲಿ ವಾರಕ್ಕೆ ಮೂರು ದಿನ, ಬೆಳಿಗ್ಗೆ 9ರಿಂದ 12ರವರೆಗೆ ಕೂಡತೊಡಗಿದೆ. ಹೋಗುವುದೂ ಬರುವುದೂ ಕಾಲ್ನಡಿಗೆಯಲ್ಲೇ. ಹಣ ಮುಟ್ಟುವುದಿಲ್ಲ, ಯಾರ ಓಟಿಪಿಯನ್ನೂ ಬರೆದಿಟ್ಟುಕೊಳ್ಳುವುದಿಲ್ಲ. 65 ದಾಟಿದ ಬಡವರಿಗಿರುವ ಸಂಧ್ಯಾ ಸುರಕ್ಷಾ ಪಿಂಚಣಿಯ ಅರ್ಜಿಗಳೇ ಹೆಚ್ಚು.

ನವೆಂಬರ್ ಬಂತೆಂದರೆ, ತಾವು ಬದುಕಿದ್ದೇವೆಂದು ಪಿಂಚಣಿದಾರರು ಕೊಡಬೇಕಾದ ಜೀವನ ಪ್ರಮಾಣದ ಸುಗ್ಗಿ. 2014ರಿಂದ ಇದನ್ನು ಆಧಾರ್ ಮೂಲಕ ಕೊಡಬಹುದಾದರೂ, ದುಡಿದು ಸವೆದ ಬೆರಳುಗಳ ಗೆರೆಗಳನ್ನು ಯಂತ್ರ ಗುರುತಿಸುತ್ತಿರಲಿಲ್ಲ. ಬದುಕಿರುವ ಮನುಷ್ಯ ಎದುರಿಗೇ ಕುಳಿತಿದ್ದರೂ ಯಂತ್ರ ಒಪ್ಪದಿದ್ದಾಗ ಅವರ ಮುಖ ಬಾಡುವುದನ್ನು ನೋಡಲಾಗುತ್ತಿರಲಿಲ್ಲ. 2021ರಲ್ಲಿ ಮುಖ ಗುರುತಿಸುವ ವ್ಯವಸ್ಥೆ ಬಂದ ಮೇಲೆ ಕೆಲಸ ಹಗುರಾಯಿತು. ಆದರೂ ಬೆಳಕು ಬೆನ್ನ ಹಿಂದಿದ್ದರೆ ಮೊಬೈಲ್ ಮುಖವನ್ನು ಹಿಡಿಯುವುದಿಲ್ಲ. ಅದಕ್ಕೆಂದೇ ಅವರನ್ನು ಮೂಡಣಕ್ಕೆ ಮುಖಮಾಡಿ ಕೂಡಿಸಿ, ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸಲು ಹೇಳುತ್ತೇನೆ. ಕಣ್ಣು ಮಿಟುಕಿಸೆಂದರೆ ಬಿಗಿಯಾಗಿ ಮುಚ್ಚಿ ದೇವರ ನಾಮ ಹೇಳತೊಡಗುವವರೂ ಉಂಟು.

ಇಂಥ ಒಂದು ದಿನ ಜನ ಹೆಚ್ಚೆಂದು, ಸಕ್ಕರೆಯ ಮಾತ್ರೆ ನುಂಗಿದವನು ನಾಷ್ಟಾ ಮಾಡದೆ ಕುಳಿತುಬಿಟ್ಟೆ. ಹನ್ನೊಂದರ ಹೊತ್ತಿಗೆ ಮೈಯೆಲ್ಲ ಬೆವೆತು, ಪೆನ್ನು ಹಿಡಿದ ಕೈ ನಡುಗಿ, ಬರೆಯುತ್ತಿದ್ದ ಹೆಸರೇ ಮರೆತುಹೋಯಿತು. ಎದುರಿಗಿದ್ದ ಮುದುಕಿ ಸೆರಗಿನ ತುದಿಯ ಗಂಟು ಬಿಚ್ಚಿ ಬೆಲ್ಲದ ಚೂರು ಕೈಗಿಟ್ಟು, "ಮೊದಲ ಇದನ್ನ ಬಾಯಾಗ ಹಾಕ್ಕೋ ತಮ್ಮಾ, ನನ್ನ ಅರ್ಜಿ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದಳು. ಕಾಲು ಗಂಟೆಯಲ್ಲಿ ಚೇತರಿಸಿಕೊಂಡೆ. ಸಕ್ಕರೆ ರೋಗದವನ ಜೀವವನ್ನು ಬೆಲ್ಲವೇ ಉಳಿಸಿತೆಂದು ವೈದ್ಯರಿಗೆ ಹೇಳಿದಾಗ ಅವರು ನಗಲಿಲ್ಲ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕಟ್ಟೆಯನ್ನೇ ಬಿಡಿಸುವುದಾಗಿ ಗದರಿದರು.

ಈಚಿನ ಪರೀಕ್ಷೆಯಲ್ಲಿ 7.1 ಬಂದಿದೆ, ಮಾತ್ರೆ ನಿಂತಿಲ್ಲ, ಪ್ರಮಾಣವನ್ನು ವೈದ್ಯರೇ ಇಳಿಸಿದ್ದಾರೆ. ಅರ್ಜಿ ನಮೂನೆಗಳ ಚೀಲದಲ್ಲಿ ಈಗ ಬೆಲ್ಲದ ಡಬ್ಬಿಯೂ, ಮನೆಯವರು ಕಟ್ಟಿಕೊಟ್ಟ ಜೋಳದ ರೊಟ್ಟಿಯೂ ಇರುತ್ತವೆ. ಹತ್ತೂವರೆಗೆ ನಾನು ಮರೆತರೂ, ಸಾಲಿನಲ್ಲಿ ಕುಳಿತವರೇ ಪೆನ್ನು ಕಸಿದುಕೊಂಡು ಗಂಟು ಬಿಚ್ಚಿಸುತ್ತಾರೆ.