ನದಿ ಉಳಿಸಬೇಕಾ? ಮೊದಲು ಹಳ್ಳದ ಜಾಡು ಹಿಡಿದು ಮೇಲಕ್ಕೆ ನಡೆಯಿರಿ

ನದಿ ಉಳಿಸೋಣ ಅಂತ ನಾಲ್ಕು ಜನ ಸೇರಿದರೆ ಮೊದಲು ನಡೆಯುವುದು ದಡದ ಪ್ಲಾಸ್ಟಿಕ್ ಹೆಕ್ಕುವ ಕೆಲಸ. ಹೆಕ್ಕಿ, ಬೇಡ ಅನ್ನಲ್ಲ. ಆದರೆ ನದಿಗೆ ಜಾಸ್ತಿ ಪೆಟ್ಟು ಕೊಡುವುದು ಕೊಳಚೆ ಮತ್ತು ಹೂಳು, ಅವೆರಡೂ ಹೆಚ್ಚಾಗಿ ಮೇಲಿನ ಸಣ್ಣ ಹಳ್ಳ, ಚರಂಡಿಗಳಿಂದಲೇ ಬರುತ್ತವೆ.

ಅದಕ್ಕೇ ಮಳೆ ಇಲ್ಲದ ದಿನ ನೋಡಿಕೊಂಡು ದಡದುದ್ದಕ್ಕೂ ಮೇಲಕ್ಕೆ ನಡೆಯಿರಿ. ಮಳೆನೀರಿನ ಪೈಪು ಅಂತ ಹಾಕಿದ್ದರಲ್ಲಿ ಒಣ ದಿನವೂ ನೀರು ಹರಿಯುತ್ತಿದ್ದರೆ ಅನುಮಾನಪಡಿ, ಎಲ್ಲೋ ಕೊಳಚೆಯ ಸಂಪರ್ಕ ಸೇರಿರಬಹುದು. ಫೋಟೋ ತೆಗೆದು ಜಾಗ, ದಿನ, ಹೊತ್ತು ಬರೆದಿಡಿ.

ನೀರು ಚುರುಕಾಗಿ ಹರಿಯುವ ಕಡೆ ಒಂದೆರಡು ಕಲ್ಲು ಮಗುಚಿ ನೋಡಿ. ಬಾಲದಲ್ಲಿ ಮೂರು ಎಳೆ ಇರುವ ಮೇಫ್ಲೈ ಎಂಬ ಕೀಟದ ಮರಿಗಳು ಸಿಕ್ಕರೆ ಒಳ್ಳೆಯ ಸುದ್ದಿ. ಬರೀ ಕೆಂಪು ಹುಳಗಳೇ ಇದ್ದರೆ ನೀರಲ್ಲಿ ಆಮ್ಲಜನಕ ಕಡಿಮೆ ಅಂತ ಅರ್ಥ. ನೀರು ಪರೀಕ್ಷಿಸುವ ಕಿಟ್ ಇದ್ದರೆ ಆಮ್ಲಜನಕವನ್ನೂ ಅಳೆಯಿರಿ, ಆದರೆ ಬೆಳಕು ಹರಿಯುವ ಹೊತ್ತಿಗೆ. ಮಧ್ಯಾಹ್ನ ಪಾಚಿಯೇ ಆಮ್ಲಜನಕ ಬಿಡುತ್ತಿರುತ್ತದೆ, ಕೆಟ್ಟ ನೀರೂ ಚೆನ್ನಾಗಿರುವ ಹಾಗೆ ಕಾಣುತ್ತದೆ! 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಶುದ್ಧ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ, ಅದು 4ಕ್ಕಿಂತ ಕೆಳಗಿಳಿದರೆ ಎಷ್ಟೋ ಮೀನುಗಳಿಗೆ ಉಸಿರಾಟವೇ ಕಷ್ಟ.

ಈ ದಾಖಲೆ ಹಿಡಿದುಕೊಂಡೇ ಸ್ಥಳೀಯ ಆಡಳಿತದ ಹತ್ತಿರ ಹೋಗಿ. ಸುಮ್ನೆ 'ನದಿ ಕೆಟ್ಟಿದೆ' ಅಂದರೆ ಯಾರೂ ಕೇಳಲ್ಲ, ಇಂಥ ಪೈಪು ಇಂಥ ದಿನ ಹರಿಯುತ್ತಿತ್ತು ಅಂದರೆ ಉತ್ತರ ಕೊಡಲೇಬೇಕಾಗುತ್ತದೆ.

ಇನ್ನು ದಡ. ಅಲ್ಲೇ ಬೆಳೆಯುವ ಹುಲ್ಲು, ಜೊಂಡು, ಪೊದೆ, ಮರ ಬೆರೆಸಿ ನೆಡಿ, ಒಂದೇ ಜಾತಿಯ ಸಾಲು ಬೇಡ. ಬೇರು ಮಣ್ಣು ಹಿಡಿಯುತ್ತದೆ, ನೆರಳು ನೀರನ್ನು ತಂಪಾಗಿಡುತ್ತದೆ. 'ಅಭಿವೃದ್ಧಿ' ಅಂತ ಎರಡೂ ಕಡೆ ಕಾಂಕ್ರೀಟ್ ಗೋಡೆ ಕಟ್ಟಿ ನದಿಯನ್ನು ನೇರ ಮಾಡಲು ಬಂದರೆ ಮಾತ್ರ ಗಟ್ಟಿಯಾಗಿ ವಿರೋಧಿಸಿ. ಅಮೆರಿಕದ ಫ್ಲೋರಿಡಾದಲ್ಲಿ 1960ರ ದಶಕದಲ್ಲಿ ಪ್ರವಾಹ ತಡೆಯಲು ಅಂತ ಸುಮಾರು 166 ಕಿಲೋಮೀಟರ್ ಅಂಕುಡೊಂಕಾಗಿ ಹರಿಯುತ್ತಿದ್ದ ಕಿಸಿಮಿ ನದಿಯನ್ನು ಅಗೆದು 90 ಕಿಲೋಮೀಟರಿನ ನೇರ ಕಾಲುವೆ ಮಾಡಿದರು. ಜೌಗು ಒಣಗಿತು, ನೀರುಹಕ್ಕಿಗಳು ಕಡಿಮೆಯಾದವು. ಆಮೇಲೆ ಅದೇ ಕಾಲುವೆಯ ಒಂದು ಭಾಗಕ್ಕೆ ಮಣ್ಣು ತುಂಬಿ ಹಳೇ ತಿರುವುಗಳಿಗೆ ನೀರು ಬಿಡುವ ಕೆಲಸ ಮುಗಿದದ್ದು 2021ರಲ್ಲಿ.

ಹೂಳೆತ್ತುವ ಯಂತ್ರ ತರಿಸುವ ಅವಸರವೂ ಬೇಡ. ಮೇಲಿನ ಮಣ್ಣು ಕೊಚ್ಚಿ ಬರುವುದು ನಿಲ್ಲದೆ ಹೂಳೆತ್ತಿದರೆ ಮಳೆ ಬಂದಾಗ ಮತ್ತೆ ತುಂಬುತ್ತದೆ, ಜೊತೆಗೆ ಮೀನು ಮೊಟ್ಟೆಯಿಡುವ ಜಲ್ಲಿಯೂ ಹೋಗಿರುತ್ತದೆ.